ಕರ್ನಾಟಕದಲ್ಲಿ ಎಚ್‌ಐವಿ ಸಮೀಕ್ಷೆ ಮತ್ತು ಅಂತರರಾಷ್ಟ್ರೀಯ ಆರೋಗ್ಯ ನೆರವು

ಎಚ್‌ಐವಿ ಸೋಂಕು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನಾದ್ಯಂತ ಹರಡಿದ ಸಾಂಕ್ರಾಮಿಕ. ಕರ್ನಾಟಕವು ಭಾರತದಲ್ಲಿ ಇದರ ಹಾವಳಿ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಒಂದಾಗಿತ್ತು. ಸೋಂಕು ಎಲ್ಲಿದೆ, ಎಷ್ಟಿದೆ ಎಂದು ಅಳೆಯುವ ಮತ್ತು ಅದನ್ನು ತಡೆಯುವ ಕೆಲಸ ಇಲ್ಲಿ ಸರ್ಕಾರದ ಜೊತೆಗೆ ವಿಶ್ವ ಬ್ಯಾಂಕ್, ಕೆನಡಾ ಮತ್ತು ಅಮೆರಿಕದ ನೆರವು ಸಂಸ್ಥೆಗಳು ಹಾಗೂ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ಹಣದಿಂದ ನಡೆಯಿತು. ಯಾವ ವಿಧಾನದಿಂದ ಎಣಿಸಲಾಯಿತು ಎಂಬುದರ ಮೇಲೆ ಸೋಂಕಿನ ಅಂದಾಜು ಬಹಳಷ್ಟು ಬದಲಾದುದು ಈ ಇತಿಹಾಸದ ಗಮನಾರ್ಹ ಸಂಗತಿ.

ಹಿನ್ನೆಲೆ

ಏಡ್ಸ್ ಕುರಿತ ಮೊದಲ ವೈದ್ಯಕೀಯ ವರದಿ 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಸ್ಥಾಪನೆಯಾಗಿ, ವಿಶ್ವ ಬ್ಯಾಂಕಿನ 8.4 ಕೋಟಿ ಡಾಲರ್ ಸಾಲದ ನೆರವಿನಿಂದ ಮೊದಲ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ರಾಜ್ಯ ಮಟ್ಟದಲ್ಲಿ ಇದರ ಹೊಣೆಯನ್ನು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ವಹಿಸಿಕೊಂಡಿತು.

ಸೋಂಕನ್ನು ಅಳೆದ ಬಗೆ

1998ರಿಂದ ದೇಶದಾದ್ಯಂತ ಸೆಂಟಿನೆಲ್ ಸಮೀಕ್ಷೆ ಎಂಬ ಕ್ರಮಬದ್ಧ ಪದ್ಧತಿ ಜಾರಿಗೆ ಬಂದಿತು. ಆಯ್ದ ಸರ್ಕಾರಿ ಆಸ್ಪತ್ರೆಗಳಿಗೆ ತಪಾಸಣೆಗಾಗಿ ಬರುವ ಗರ್ಭಿಣಿಯರಿಂದ ಸಿಫಿಲಿಸ್ ಪರೀಕ್ಷೆಗೆಂದು ರಕ್ತ ತೆಗೆಯಲಾಗುತ್ತಿತ್ತು. ಅದರಲ್ಲಿ ಉಳಿದ ಭಾಗವನ್ನು ಹೆಸರು, ಗುರುತುಗಳನ್ನು ತೆಗೆದುಹಾಕಿ ಎಚ್‌ಐವಿ ಪರೀಕ್ಷೆಗೆ ಒಳಪಡಿಸಲಾಗುತ್ತಿತ್ತು. ಒಂದು ಕೇಂದ್ರಕ್ಕೆ 400 ಮಾದರಿಗಳು. ಯಾರಿಗೆ ಸೋಂಕಿದೆ ಎಂದು ಇದರಿಂದ ತಿಳಿಯುತ್ತಿರಲಿಲ್ಲ. ನೂರಕ್ಕೆ ಎಷ್ಟು ಮಂದಿಗೆ ಎಂಬುದು ಮಾತ್ರ ತಿಳಿಯುತ್ತಿತ್ತು. 2004ರ ಸುಮಾರಿಗೆ ಕರ್ನಾಟಕದ ಗರ್ಭಿಣಿಯರಲ್ಲಿ ಈ ಪ್ರಮಾಣ ಶೇ 1.5ರ ಆಸುಪಾಸಿನಲ್ಲಿತ್ತು.

ಆದರೆ ಸರ್ಕಾರಿ ಆಸ್ಪತ್ರೆಗೆ ಬರುವವರು ಇಡೀ ಜನಸಮುದಾಯದ ಪ್ರತಿಬಿಂಬವಲ್ಲ. 2005–06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ, ಒಪ್ಪಿದವರ ರಕ್ತವನ್ನು ಪರೀಕ್ಷಿಸಲಾಯಿತು. ಕರ್ನಾಟಕದ ವಯಸ್ಕರಲ್ಲಿ ಕಂಡುಬಂದ ಪ್ರಮಾಣ ಶೇ 0.69. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವು ಭಾರತದ ಸೋಂಕಿತರ ಸಂಖ್ಯೆಯನ್ನು 2006ರಲ್ಲಿ 57 ಲಕ್ಷವೆಂದು ಅಂದಾಜು ಮಾಡಿತ್ತು. 2007ರ ಜುಲೈನಲ್ಲಿ ಅದನ್ನು ಸುಮಾರು 25 ಲಕ್ಷಕ್ಕೆ ಪರಿಷ್ಕರಿಸಲಾಯಿತು. ಇದನ್ನು ರೋಗದ ಇಳಿಕೆಯೆಂದು ಓದುವುದು ತಪ್ಪಾಗುತ್ತದೆ. ಬದಲಾದದ್ದು ಲೆಕ್ಕ ಹಾಕುವ ವಿಧಾನ. ಹಳೆಯ ಮತ್ತು ಹೊಸ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ರಾಜ್ಯದ ಸರಾಸರಿಯೂ ಪೂರ್ಣ ಚಿತ್ರವನ್ನು ಕೊಡುತ್ತಿರಲಿಲ್ಲ. ಕೆನಡಾ ಸರ್ಕಾರದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯ ಹಣದಿಂದ 2001ರಲ್ಲಿ ಆರಂಭವಾದ ಭಾರತ–ಕೆನಡಾ ಸಹಯೋಗದ ಎಚ್‌ಐವಿ/ಏಡ್ಸ್ ಯೋಜನೆಯು ಮ್ಯಾನಿಟೋಬಾ ವಿಶ್ವವಿದ್ಯಾಲಯದ ತಜ್ಞರ ನೆರವಿನಿಂದ ಬಾಗಲಕೋಟೆ ಜಿಲ್ಲೆಯಲ್ಲಿ ಅಧ್ಯಯನ ನಡೆಸಿತು. 2003ರಲ್ಲಿ ಅಲ್ಲಿನ ಸಾಮಾನ್ಯ ಜನರಲ್ಲಿ ಶೇ 2.9ರಷ್ಟು ಸೋಂಕು ಕಂಡುಬಂದಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದು ಕಡಿಮೆಯಾಗಿರಲಿಲ್ಲ. ಏಡ್ಸ್ ನಗರದ ರೋಗವೆಂಬ ಅಂದಿನ ಸಾಮಾನ್ಯ ನಂಬಿಕೆಯನ್ನು ಈ ಅಧ್ಯಯನ ಅಲುಗಾಡಿಸಿತು.

ಮುಜುಗರದ ಪ್ರಶ್ನೆಗಳಿಗೆ ನಿಜವಾದ ಉತ್ತರ ಪಡೆಯಲು ಮತಗಟ್ಟೆ ಮಾದರಿಯ ಸಮೀಕ್ಷೆಯನ್ನೂ ರಾಜ್ಯದಲ್ಲಿ ಬಳಸಲಾಯಿತು. ಒಂದು ಗುಂಪಿನ ಪ್ರತಿಯೊಬ್ಬರೂ ಮರೆಯಲ್ಲಿ ಕುಳಿತು, ಪ್ರಶ್ನೆಯನ್ನು ಓದಿದಾಗ ತಮ್ಮ ಚೀಟಿಯನ್ನು ‘ಹೌದು’ ಅಥವಾ ‘ಅಲ್ಲ’ ಎಂಬ ಪೆಟ್ಟಿಗೆಗೆ ಹಾಕುತ್ತಿದ್ದರು. ಯಾರ ಉತ್ತರ ಯಾವುದು ಎಂಬುದು ಪ್ರಶ್ನಿಸಿದವರಿಗೂ ತಿಳಿಯುತ್ತಿರಲಿಲ್ಲ. ಮುಖಾಮುಖಿ ಸಂದರ್ಶನದಲ್ಲಿ ಹೇಳದಿದ್ದ ಸಂಗತಿಗಳು ಈ ವಿಧಾನದಲ್ಲಿ ಹೆಚ್ಚಾಗಿ ಹೊರಬಂದವು.

ನೆರವಿನ ಯೋಜನೆಗಳು

ರಾಜ್ಯ ಸೊಸೈಟಿ ಮತ್ತು ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಹಯೋಗದಿಂದ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾಯಿತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನವು ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ‘ಆವಾಹನ್’ ಯೋಜನೆಯನ್ನು ಕೈಗೊಂಡಿತು. ಮೊದಲ ಹಂತಕ್ಕೆ ನಿಗದಿಯಾದ ಮೊತ್ತ 25.8 ಕೋಟಿ ಡಾಲರ್. ಅಮೆರಿಕದ ಯು.ಎಸ್. ಏಡ್ ಸಂಸ್ಥೆಯ ‘ಸಮಸ್ಥ’ ಯೋಜನೆ 2006ರಲ್ಲಿ ಬಂದಿತು.

ಆವಾಹನ್ ಅಡಿಯಲ್ಲಿ ಕೆಲಸ ನಡೆದದ್ದು ಮುಖ್ಯವಾಗಿ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ಮೂಲಕವೇ. ಅದೇ ಸಮುದಾಯದಿಂದ ಆಯ್ದವರು ತಮ್ಮ ಪ್ರದೇಶದ ಮಹಿಳೆಯರನ್ನು ನಿಯಮಿತವಾಗಿ ಭೇಟಿಯಾಗಿ, ಕಾಂಡೋಮ್ ನೀಡಿ, ಕ್ಲಿನಿಕ್ಕಿಗೆ ಕರೆತರುತ್ತಿದ್ದರು. ಅವರಲ್ಲಿ ಅನೇಕರಿಗೆ ಓದುಬರಹ ಬಾರದಿದ್ದುದರಿಂದ ದಾಖಲೆಯನ್ನು ಚಿತ್ರಗಳಿರುವ ಕಾರ್ಡುಗಳಲ್ಲಿ ಇಡಲಾಗುತ್ತಿತ್ತು. ಕಂಪ್ಯೂಟರಿಗೆ ಸೇರುವ ಮೊದಲೇ ಆ ಮಾಹಿತಿ ಸಂಗ್ರಹಿಸಿದವರಿಗೇ ಉಪಯೋಗಕ್ಕೆ ಬರುತ್ತಿತ್ತು: ಈ ವಾರ ಯಾರನ್ನು ಕಾಣಲಿಲ್ಲ, ಯಾರ ಮೇಲೆ ಹಲ್ಲೆಯಾಯಿತು ಎಂಬುದು ಅದರಿಂದ ತಿಳಿಯುತ್ತಿತ್ತು. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಇಂತಹ ಕೆಲಸದಿಂದ ಆಶೋದಯ ಸಮಿತಿ ಎಂಬ ಲೈಂಗಿಕ ವೃತ್ತಿನಿರತರದ್ದೇ ಆದ ಸಂಘಟನೆ ಬೆಳೆಯಿತು.

ಫಲಿತಾಂಶ ಮತ್ತು ಹಸ್ತಾಂತರ

ಬೆಳಗಾವಿ, ಬಳ್ಳಾರಿ, ಬೆಂಗಳೂರು ನಗರ, ಮೈಸೂರು ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಎರಡು ಸುತ್ತಿನ ರಕ್ತಪರೀಕ್ಷೆ ನಡೆದಾಗ, ಈ ಮಹಿಳೆಯರಲ್ಲಿ ಎಚ್‌ಐವಿ ಪ್ರಮಾಣ ಶೇ 19.6ರಿಂದ ಶೇ 16.4ಕ್ಕೆ ಇಳಿದಿತ್ತು. 2011ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನವು ಆವಾಹನ್ ಯೋಜನೆಯು 2008ರ ವೇಳೆಗೆ ಒಟ್ಟು ಒಂದು ಲಕ್ಷದಷ್ಟು ಹೊಸ ಸೋಂಕುಗಳನ್ನು ತಪ್ಪಿಸಿತೆಂದು ಅಂದಾಜಿಸಿತು. ತಪ್ಪಿದ ಸೋಂಕನ್ನು ನೇರವಾಗಿ ಎಣಿಸಲಾಗದು. ಇದು ಗಣಿತದ ಮಾದರಿಯಿಂದ ಬಂದ ಸಂಖ್ಯೆ.

ವಿದೇಶಿ ಹಣಕ್ಕೆ ಅವಧಿಯಿತ್ತು. ಆವಾಹನ್ ಯೋಜನೆಯ ತಡೆ ಕಾರ್ಯಕ್ರಮಗಳನ್ನು 2009, 2011 ಮತ್ತು 2012ರಲ್ಲಿ ಮೂರು ಹಂತಗಳಲ್ಲಿ ಸರ್ಕಾರಕ್ಕೆ ವಹಿಸಲಾಯಿತು. ಅದಕ್ಕೂ ಮುನ್ನ ವೆಚ್ಚವನ್ನು ಸರ್ಕಾರಿ ಮಟ್ಟಕ್ಕೆ ಇಳಿಸಬೇಕಾಯಿತು. ಎಲ್ಲವನ್ನೂ ಒಂದೇ ಸಲ ಬಿಟ್ಟುಹೋಗದೆ ಹಂತಹಂತವಾಗಿ ಹಿಂದೆ ಸರಿದುದರಿಂದ ಸೇವೆಗಳು ನಿಂತುಹೋಗಲಿಲ್ಲ. ಗರ್ಭಿಣಿಯರಲ್ಲಿನ ಸೋಂಕಿನ ಪ್ರಮಾಣ 2012–13ರ ಸಮೀಕ್ಷೆಯಲ್ಲಿ ಶೇ 0.53ಕ್ಕೆ ಇಳಿದಿತ್ತು.

ರಾಮನಗರ ಪ್ರದೇಶದ ಅಂಕಿಅಂಶಗಳು

ರಾಮನಗರ ಜಿಲ್ಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟದ್ದು 2007ರಲ್ಲಿ. ಹೀಗಾಗಿ ಅದಕ್ಕೂ ಹಿಂದಿನ ಸಮೀಕ್ಷೆಗಳ ಪಟ್ಟಿಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದೊಳಗೇ ಇವೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂತಹ ಊರಿನ ಬಗ್ಗೆ ಪ್ರತ್ಯೇಕ ಅಂಕಿಯನ್ನು ಈ ಪದ್ಧತಿ ಕೊಡುವುದಿಲ್ಲ. ಅದು ಜಿಲ್ಲೆ ಮತ್ತು ರಾಜ್ಯದ ಒಲವನ್ನು ತಿಳಿಯಲು ರೂಪಿಸಿದ್ದು.

ಇಂದಿನ ವ್ಯವಸ್ಥೆ

ಎ.ಆರ್.ಟಿ. ಔಷಧಗಳನ್ನು ಸರ್ಕಾರ 2004ರ ಏಪ್ರಿಲ್‌ನಿಂದ ಉಚಿತವಾಗಿ ನೀಡುತ್ತಿದೆ. ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆಗೆ ಶುಲ್ಕವಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿತರ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ಕಡ್ಡಾಯಗೊಳಿಸಿದೆ. ಉದ್ಯೋಗ, ಶಿಕ್ಷಣ ಮತ್ತು ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿಯ ಸಂಖ್ಯೆ 1097.