ನಿದ್ರೆ ತರುವ ಸೊಪ್ಪಿನ ಕಥೆ

ಯಾವ ಹಣ್ಣು, ಯಾವ ತರಕಾರಿ ತಿಂದರೆ ಚೆನ್ನಾಗಿ ನಿದ್ರೆ ಬರುತ್ತದೆ? ನನ್ನ ವಯಸ್ಸಿನ ಬಂಧುಗಳೂ ಇದನ್ನು ಕೇಳುತ್ತಾರೆ, ರಾತ್ರಿ ಪಾಳಿಯಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳೂ ಕೇಳುತ್ತಾರೆ. ಈ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಆ ಇತಿಹಾಸದುದ್ದಕ್ಕೂ ಕಾಣಿಸಿಕೊಳ್ಳುವುದು ಒಂದು ಸಾಧಾರಣ ಸೊಪ್ಪು; ಇಂದು ಸಲಾಡಿಗೆ ಹಾಕುವ ಲೆಟ್ಯೂಸ್.

ಇದರ ದಂಟನ್ನು ಮುರಿದರೆ ಹಾಲು ಒಸರುತ್ತದೆ. ಆದ್ದರಿಂದಲೇ ರೋಮನ್ನರು ಹಾಲು ಎಂಬರ್ಥದ ಪದದಿಂದ ಇದನ್ನು 'ಲ್ಯಾಕ್ಟೂಕ' ಎಂದು ಕರೆದರು. ಕ್ರಿ.ಶ. 129ರಲ್ಲಿ ಇಂದಿನ ತುರ್ಕಿಯ ಪೆರ್ಗಮಮ್ ನಗರದಲ್ಲಿ ಜನಿಸಿದ ಮಹಾವೈದ್ಯ ಗ್ಯಾಲೆನ್, ಆಹಾರಗಳ ಗುಣಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ವಂತ ಅನುಭವವನ್ನೇ ದಾಖಲಿಸಿದ್ದಾನೆ. ಯೌವನದಲ್ಲಿ ಅವನು ಬೇಕೆಂದೇ ಜಾಗರಣೆಯನ್ನು ರೂಢಿಸಿಕೊಂಡಿದ್ದ. ವಯಸ್ಸು ಇಳಿದಾಗ ನಿದ್ರೆ ದೂರವಾಯಿತು. ಆಗ ಸಂಜೆಯ ಹೊತ್ತು ಲೆಟ್ಯೂಸ್ ತಿನ್ನುವುದೇ ಅವನಿಗೆ ಒದಗಿದ ಪರಿಹಾರ. ಸೊಪ್ಪನ್ನು ಹೊಗಳುವಾಗಲೂ ಅವನು ತನ್ನ ನಿದ್ರಾಹೀನತೆಯ ಮೂಲವನ್ನು ಮರೆಮಾಚಲಿಲ್ಲ ಎಂಬುದು ಗಮನಾರ್ಹ.

ಗ್ಯಾಲೆನ್ನನ ವೈದ್ಯವು ಅರಬ್ಬರ ಮೂಲಕ ಯುನಾನಿ ಪದ್ಧತಿಯಾಗಿ ಭಾರತಕ್ಕೆ ಬಂದಿತು. ಯುನಾನಿ ವೈದ್ಯರಿಗೆ ಅವನು 'ಜಾಲೀನೂಸ್', ಲೆಟ್ಯೂಸ್ 'ಕಾಹು'. ಅದರ ಬೀಜದಿಂದ ತೆಗೆದ ಎಣ್ಣೆಯನ್ನು ನಿದ್ರೆ ಬಾರದವರ ತಲೆಗೆ ಹಚ್ಚುವ ರೂಢಿ ಇಂದಿಗೂ ಉಂಟು. ನಮ್ಮ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದ್ದು, ಆ ಪರಂಪರೆಯ ಅಧ್ಯಯನ ಅಲ್ಲಿ ಮುಂದುವರಿದಿದೆ.

ಪಶ್ಚಿಮದಲ್ಲಿ ಕಥೆ ಬೇರೆ ತಿರುವು ಪಡೆಯಿತು. ಅಫೀಮು ನಿದ್ರೆ ಕೊಡುತ್ತಿತ್ತು, ಜೊತೆಗೆ ಚಟವನ್ನೂ ಅಂಟಿಸುತ್ತಿತ್ತು. ಅದಕ್ಕೊಂದು ಬದಲಿಯನ್ನು ಹುಡುಕುತ್ತ, 1799ರಲ್ಲಿ ಫಿಲಡೆಲ್ಫಿಯಾದ ಜಾನ್ ರೆಡ್ಮನ್ ಕಾಕ್ಸ್, ಅನಂತರ ಎಡಿನ್‌ಬರೋದ ವೈದ್ಯ ಆ್ಯಂಡ್ರ್ಯೂ ಡಂಕನ್ ಈ ಸೊಪ್ಪಿನ ಹಾಲಿನತ್ತ ಗಮನ ಹರಿಸಿದರು. ಒಣಗಿಸಿದ ಆ ಹಾಲೇ 'ಲ್ಯಾಕ್ಟುಕೇರಿಯಂ'. ಹತ್ತೊಂಬತ್ತನೆಯ ಶತಮಾನವಿಡೀ ಔಷಧದ ಅಂಗಡಿಗಳಲ್ಲಿ ಅದು ಮಾರಾಟವಾಯಿತು. ಆದರೆ ಅದರ ಗುಣ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾರ್ಬಿಟ್ಯುರೇಟ್ ಗುಳಿಗೆಗಳು ಬಂದು ಅದನ್ನು ಮೂಲೆಗೆ ತಳ್ಳಿದವು. ಆ ಗುಳಿಗೆಗಳೂ ಚಟವಾದವು. ಪ್ರಮಾಣ ಮೀರಿದಾಗ ಅನೇಕರ ಪ್ರಾಣವನ್ನೇ ತೆಗೆದವು. ಒಂದು ಬಂಧನದಿಂದ ಬಿಡಿಸಿಕೊಳ್ಳಲು ಹೊರಟವರು ಇನ್ನೊಂದಕ್ಕೆ ಸಿಲುಕಿದರು.

ವಿಜ್ಞಾನ ಮತ್ತೆ ಆಹಾರದ ಕಡೆಗೆ ತಿರುಗಿದ್ದು ಇತ್ತೀಚೆಗೆ. 1958ರಲ್ಲಿ ಅಮೆರಿಕದ ಆ್ಯರನ್ ಲರ್ನರ್ ಮತ್ತು ಸಂಗಡಿಗರು ದನದ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕತ್ತಲಾದೊಡನೆ ನಮ್ಮ ದೇಹಕ್ಕೆ ರಾತ್ರಿಯ ಸೂಚನೆ ಕೊಡುವುದು ಇದೇ. 1995ರಲ್ಲಿ ಇದು ನಾವು ತಿನ್ನುವ ಸಸ್ಯಗಳಲ್ಲಿಯೂ ಇದೆಯೆಂದು ತಿಳಿಯಿತು. 2011ರಲ್ಲಿ ತೈವಾನಿನಲ್ಲಿ 24 ಮಂದಿ ನಾಲ್ಕು ವಾರಗಳ ಕಾಲ ಮಲಗುವ ಒಂದು ಗಂಟೆ ಮುಂಚೆ ಎರಡೆರಡು ಕಿವಿ ಹಣ್ಣು ತಿಂದರು; 2012ರಲ್ಲಿ ಬ್ರಿಟನ್ನಿನಲ್ಲಿ 20 ಮಂದಿ ಹುಳಿ ಚೆರ್ರಿಯ ರಸವನ್ನು ಏಳು ದಿನ ಕುಡಿದರು. ಎರಡರಲ್ಲಿಯೂ ನಿದ್ರೆ ಸುಧಾರಿಸಿತು. ಆದರೆ ಇವು ಚಿಕ್ಕ ಪ್ರಯೋಗಗಳು. ಕಿವಿಯ ಪ್ರಯೋಗದಲ್ಲಿ ಹಣ್ಣು ತಿನ್ನದವರ ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಇನ್ನು ಲೆಟ್ಯೂಸ್: ಅದರ ಕಹಿ ಅಂಶಗಳು ಇಲಿಗಳನ್ನು ಮಂಪರಿಗೆ ತಂದುದು 2006ರಲ್ಲಿ ಕಂಡುಬಂದಿತು. ಆದರೆ ಇಂದು ಅಂಗಡಿಯಲ್ಲಿ ಸಿಗುವ ಲೆಟ್ಯೂಸ್, ಕಹಿ ಕಡಿಮೆಯಾಗುವಂತೆ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ.

ಈ ಇತಿಹಾಸ ಹೇಳುವುದು ಇಷ್ಟೇ. ಊಟದ ಭಾಗವಾಗಿದ್ದಾಗ ಸೊಪ್ಪು, ಹಣ್ಣು ನಿದ್ರೆಗೆ ಸ್ವಲ್ಪ ನೆರವಾಗಬಹುದು. ಅದರಿಂದ ಹಾನಿಯಂತೂ ಅಪರೂಪ. ಗುಳಿಗೆಯ ಕೆಲಸವನ್ನು ಅದರಿಂದ ನಿರೀಕ್ಷಿಸಿದಾಗಲೆಲ್ಲ ನಿರಾಶೆಯೇ ಗತಿ. ಆದ್ದರಿಂದ ಸಂಜೆಯ ಊಟ ಹಗುರವಾಗಿರಲಿ, ಬೇಗನೆ ಆಗಲಿ, ಅದರಲ್ಲಿ ಸೊಪ್ಪು ತರಕಾರಿ ಇರಲಿ. ಮಧುಮೇಹವಿರುವವರು ಹಣ್ಣಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ನಿದ್ರೆಯ ಗುಳಿಗೆ ಸೇವಿಸುತ್ತಿರುವವರು ಈ ಬರಹವನ್ನು ಓದಿ ಅದನ್ನು ಥಟ್ಟನೆ ನಿಲ್ಲಿಸಬಾರದು; ವೈದ್ಯರು ಹೇಳಿದಂತೆ ಕ್ರಮೇಣ ಇಳಿಸಬೇಕು. ಇನ್ನು ರಾತ್ರಿಯಿಡೀ ಪರದೆಯ ಮುಂದೆ ಕುಳಿತಿರುವ ಕಿರಿಯರಿಗೆ ಒಂದು ಮಾತು. ಯೌವನದಲ್ಲಿ ಓಡಿಸಿದ ನಿದ್ರೆಯನ್ನು ಮುಪ್ಪಿನಲ್ಲಿ ಕರೆತರಲು ಗ್ಯಾಲೆನ್ನನಂಥ ವೈದ್ಯನೇ ಸೊಪ್ಪಿನ ಮೊರೆ ಹೋಗಬೇಕಾಯಿತು.