ಮೂರರಲ್ಲಿ ಎರಡೇ: ಸಬ್‌ವೂಫರ್ ಕೊಳ್ಳೋ ಮುಂಚೆ ಒಂದು ಹಳೇ ಲೆಕ್ಕ

ನೀವು ಇದನ್ನ ಇಯರ್‌ಫೋನ್‌ನಲ್ಲಿ ಕೇಳ್ತಿದ್ರೆ ಇವತ್ತಿನ ವಿಷಯ ಸ್ವಲ್ಪ ತಮಾಷೆ ಅನ್ನಿಸಬಹುದು. ಕಿವಿಯೊಳಗೆ ಕೂತಿರೋ ಕಡಲೆಕಾಳಿನಷ್ಟು ಸ್ಪೀಕರ್ ಆರಾಮಾಗಿ ಬೇಸ್ ಕೊಡುತ್ತೆ. ಅದೇ ಬೇಸ್ ಒಂದು ಕೋಣೆ ತುಂಬಾ ಕೇಳಿಸಬೇಕು ಅಂತ ಎಂಜಿನಿಯರ್‌ಗಳು ಸುಮಾರು ನೂರು ವರ್ಷದಿಂದ ಒದ್ದಾಡ್ತಿದ್ದಾರೆ.

ನಾನು ಈ ಕಥೆ ಹುಡುಕಿಕೊಂಡು ಹೋಗಿದ್ದು ಒಂದು ತಪ್ಪು ಖರೀದಿಯಿಂದ. ನನ್ನ ಹತ್ತಿರ ಎರಡು ಪುಟ್ಟ ಸ್ಪೀಕರ್ ಮತ್ತು ಒಂದು ಹಳೇ ಸ್ಟೀರಿಯೊ ಆಂಪ್ಲಿಫೈಯರ್ ಇತ್ತು. ಮಂದ್ರ ಮಾತ್ರ ಸಾಲದು. ಕೂಡಿಟ್ಟ ದುಡ್ಡಲ್ಲಿ ಒಂದು ಸಬ್‌ವೂಫರ್ ತಂದೆ. ಡಬ್ಬದ ಮೇಲೆ ವ್ಯಾಟ್ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿತ್ತು. ಹಚ್ಚಿದ್ರೆ ಬೇಸ್ ಗಿಟಾರ್‌ನ ಎಲ್ಲಾ ಸ್ವರವೂ ಒಂದೇ ಸ್ವರ: ಗುಂಯ್. ತಬಲಾದ ಡಗ್ಗಾ ಕೂಡ ಗುಂಯ್. ಕೆಳಮನೆ ಆಂಟಿ ಮೇಲೆ ಬಂದು, "ಇಷ್ಟೊತ್ತಲ್ಲಿ ಗ್ರೈಂಡರ್ ಹಾಕಿದ್ದೀಯೇನಪ್ಪಾ?" ಅಂದ್ರು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಎಲ್ಲಿ ಎಡವಿದೆ ಅಂತ ತಿಳಿಯೋಕೆ 1940ರ ದಶಕದ ಅಮೆರಿಕಕ್ಕೆ ಹೋಗಬೇಕು. ಆಗ ಮನೆಯಲ್ಲಿ ಆಳವಾದ ಬೇಸ್ ಬೇಕು ಅಂದ್ರೆ ಬೀರುವಿನಂಥ ಪೆಟ್ಟಿಗೆ ಬೇಕಿತ್ತು. 1946ರಲ್ಲಿ ಪಾಲ್ ಕ್ಲಿಪ್ಷ್ ಮಾರೋಕೆ ಶುರು ಮಾಡಿದ ಕ್ಲಿಪ್ಷ್‌ಹಾರ್ನ್ ಅಂಥದ್ದು. ಅದನ್ನ ಕೋಣೆಯ ಮೂಲೆಗೆ ಒತ್ತಿ ಇಟ್ರೆ ಗೋಡೆಗಳೇ ಹಾರ್ನ್‌ನ ಮುಂದುವರಿದ ಭಾಗ ಆಗ್ತಿದ್ದವು. ಆಗಿನ ಆಂಪ್ಲಿಫೈಯರ್‌ಗಳ ವ್ಯಾಟ್ ಕಮ್ಮಿ, ಬೆಲೆ ಜಾಸ್ತಿ. ಕಮ್ಮಿ ವಿದ್ಯುತ್ತಿನಲ್ಲಿ ಜಾಸ್ತಿ ಸದ್ದು ಮಾಡೋ ಸ್ಪೀಕರ್ ಅನಿವಾರ್ಯವಾಗಿತ್ತು, ಅದಕ್ಕೆ ಜಾಗ ಬೇಕಿತ್ತು.

1954ರಲ್ಲಿ ಎಡ್ಗರ್ ವಿಲ್ಚರ್ ಅನ್ನೋರು ಈ ಲೆಕ್ಕವನ್ನೇ ತಿರುಗಿಸಿದ್ರು. ಸ್ಪೀಕರ್‌ನ ಕೋನ್ ಹಿಂದೆ ಮುಂದೆ ಓಡಾಡಿ ಮತ್ತೆ ಮಧ್ಯಕ್ಕೆ ಬರೋಕೆ ಒಂದು ಸ್ಪ್ರಿಂಗ್ ಬೇಕು. ಅಲ್ಲಿಯವರೆಗೂ ಕೋನ್‌ನ ಅಂಚಿನ ಬಿಗಿಯಾದ ಕಟ್ಟೇ ಆ ಕೆಲಸ ಮಾಡ್ತಿತ್ತು, ಜಾಸ್ತಿ ಎಳೆದ್ರೆ ಸದ್ದು ಕೆಡ್ತಿತ್ತು. ವಿಲ್ಚರ್ ಅಂಚನ್ನ ಸಡಿಲ ಬಿಟ್ಟು, ಪೆಟ್ಟಿಗೆಯನ್ನ ಗಾಳಿಯಾಡದಂತೆ ಮುಚ್ಚಿದ್ರು. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಆಯ್ತು. ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿದ್ರು. ಅವರ ಎಆರ್-1 ಸ್ಪೀಕರ್ ಶೆಲ್ಫ್ ಮೇಲೆ ಕೂರೋ ಸೈಜಿನದು, ಬೇಸ್ ಮಾತ್ರ ಬೀರುವಿನದು. ಟೈಮಿಂಗ್ ಕೂಡ ಸರಿಯಾಗಿ ಬಂತು. 1958ರ ಹೊತ್ತಿಗೆ ಸ್ಟೀರಿಯೊ ರೆಕಾರ್ಡ್‌ಗಳು ಬಂದವು. ಒಂದು ಬೀರು ಇಡೋಕೇ ಜಾಗ ಇಲ್ಲದ ಮನೆಯಲ್ಲಿ ಎರಡನ್ನ ಎಲ್ಲಿಡೋದು?

ಆದರೆ ಬಿಟ್ಟಿ ಏನೂ ಸಿಗಲಿಲ್ಲ. ಈ ಪುಟ್ಟ ಪೆಟ್ಟಿಗೆ ಜಾಸ್ತಿ ವ್ಯಾಟ್ ಕೇಳ್ತಿತ್ತು. ಇದರ ಹಿಂದಿನ ನಿಯಮಕ್ಕೆ ಹಾಫ್‌ಮನ್ ಹೆಸರಿದೆ. ಕ್ಲಾಸ್ ಆಮೇಲೆ ಶುರು ಮಾಡಿದ ಕೆಎಲ್‌ಎಚ್ ಕಂಪನಿಯ ಹೆಸರಲ್ಲಿರೋ 'ಎಚ್' ಇವರೇ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳವಿರಬೇಕು, ಕಮ್ಮಿ ವಿದ್ಯುತ್ತಿನಲ್ಲಿ ಜೋರು ಸದ್ದು ಬರಬೇಕು. ಈ ಮೂರರಲ್ಲಿ ಎರಡನ್ನ ಆರಿಸ್ಕೋಬಹುದು, ಮೂರನೆಯದನ್ನ ಬಿಡಲೇಬೇಕು. ವಿದ್ಯುತ್ತನ್ನ ಸದ್ದಾಗಿಸೋ ಸಾಮರ್ಥ್ಯ ಅಷ್ಟೇ ಇರಲಿ, 40 ಹರ್ಟ್ಸ್ ಬದಲು 20 ಹರ್ಟ್ಸ್‌ವರೆಗೆ ಇಳಿಯಬೇಕು ಅಂದ್ರೆ ಪೆಟ್ಟಿಗೆ 8 ಪಟ್ಟು ದೊಡ್ಡದಾಗಬೇಕು. ಬಿ.ಕಾಂ.ನಲ್ಲಿ ಆಪರ್ಚುನಿಟಿ ಕಾಸ್ಟ್ ಪಾಠ ಓದಿದ್ದೆ. ಅದು ಮರದ ಡಬ್ಬಕ್ಕೂ ಅನ್ವಯಿಸುತ್ತೆ ಅಂತ ಯಾರೂ ಹೇಳಿರಲಿಲ್ಲ.

ಪವರ್ಡ್ ಸಬ್‌ವೂಫರ್ ಹುಟ್ಟಿದ್ದೇ ಈ ನಿಯಮದ ಜೊತೆಗಿನ ಚೌಕಾಸಿಯಿಂದ. ಚಿಕ್ಕ ಪೆಟ್ಟಿಗೆ ಮತ್ತು ಆಳ ಎರಡನ್ನೂ ಇಟ್ಕೊಂಡು, ಸಾಮರ್ಥ್ಯವನ್ನ ಬಿಟ್ಕೊಡೋದು. ಆ ನಷ್ಟವನ್ನ ಪೆಟ್ಟಿಗೆಯೊಳಗೇ ಒಂದು ಆಂಪ್ಲಿಫೈಯರ್ ಕೂರಿಸಿ ತುಂಬೋದು. 1983ರಲ್ಲಿ ಡೇವಿಡ್ ಹಾಲ್ ಶುರು ಮಾಡಿದ ವೆಲೊಡೈನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಕೋನ್ ಮೇಲೆ ಸೆನ್ಸರ್ ಇಟ್ಟು, ಅದು ತಪ್ಪಾಗಿ ಅಲುಗಿದ್ರೆ ತಕ್ಷಣ ಆಂಪ್ ತಿದ್ದೋ ಹಾಗೆ ಮಾಡಿದ್ರು. ಇದೇ ವೆಲೊಡೈನ್ ಮುಂದೆ ಡ್ರೈವರ್ ಇಲ್ಲದ ಕಾರುಗಳಿಗೆ ಲೈಡಾರ್ ಮಾಡಿ ಹೆಸರಾಯ್ತು.

ಆಮೇಲೆ ಮೂರು ವಿಷಯ ಬೆಲೆ ಇಳಿಸಿದವು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಕೊಟ್ಟ ಸೂತ್ರಗಳಿಂದ ಪೆಟ್ಟಿಗೆಯನ್ನ ಅಂದಾಜಿಲ್ಲದೆ, ಲೆಕ್ಕ ಹಾಕಿ ಕಟ್ಟೋದು ಸಾಧ್ಯವಾಯ್ತು. ಎರಡನೆಯದು ಕ್ಲಾಸ್-ಡಿ ಆಂಪ್ಲಿಫೈಯರ್. ಕಮ್ಮಿ ಬಿಸಿ, ಕಮ್ಮಿ ತೂಕ, ಅಗ್ಗದ ವ್ಯಾಟ್. ಮೂರನೆಯದು ಸಿನಿಮಾ. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ ಥಿಯೇಟರಿಗೆ ಬಂತು, ಡಿವಿಡಿ ಅದನ್ನ ಮನೆಗೆ ತಂತು. 5.1ರಲ್ಲಿ ಆ '.1' ಅನ್ನೋದೇ ಬೇಸ್ ಚಾನೆಲ್. ಸಬ್‌ವೂಫರ್ ಮಾಮೂಲಿ ಮನೆಸಾಮಾನಾಯ್ತು.

ನನ್ನ ದುಡ್ಡು ಹೋಗಿದ್ದು ಇಲ್ಲೇ. ಅಗ್ಗದ ಸಬ್‌ವೂಫರ್ ಎಷ್ಟೋ ಬಾರಿ ಸ್ಫೋಟ ಕೇಳಿಸೋಕೆ ತಯಾರಾದದ್ದು. ಸ್ಫೋಟಕ್ಕೆ ಸ್ವರ ಬೇಡ, ಧಡ್ ಅಂದ್ರೆ ಸಾಕು. ಸಂಗೀತಕ್ಕೆ ಸ್ವರ ಸರಿಯಾಗಿ ಶುರುವಾಗಿ ಸರಿಯಾಗಿ ನಿಲ್ಲಬೇಕು. ಇನ್ನು ವ್ಯಾಟ್ ದುಪ್ಪಟ್ಟಾದ್ರೂ ಸದ್ದು ಏರೋದು 3 ಡೆಸಿಬೆಲ್ ಮಾತ್ರ. ನಾನು ದುಡ್ಡು ಕೊಟ್ಟಿದ್ದು ಆ ಅಂಕಿಗೆ.

ಎರಡನೇ ಸಲ ನಾನು ಬೇರೆ ಪ್ರಶ್ನೆ ಕೇಳಿದೆ: ಏನು ಬಿಡ್ತೀನಿ? ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಅದರ ಕೆಳಗೆ ನಾನು ಕೇಳೋ ಹಾಡುಗಳಲ್ಲಿ ಹೆಚ್ಚೇನೂ ಇಲ್ಲ. ಹಾಗಾಗಿ ಆ ಕೊನೆಯ ಆಳವನ್ನೂ ಭಾರೀ ಸದ್ದನ್ನೂ ಬಿಟ್ಟೆ. ತೂತಿಲ್ಲದ ಮುಚ್ಚಿದ ಪೆಟ್ಟಿಗೆಯ 10 ಇಂಚಿನದೊಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ತು. ಇನ್ನೆರಡು ನೋಡ್ಕೊಂಡೆ. ಹಳೇ ಸ್ಟೀರಿಯೊ ಆಂಪ್‌ನಲ್ಲಿ ಸಬ್‌ವೂಫರ್ ಔಟ್‌ಪುಟ್ ಇರಲ್ಲ, ಅದಕ್ಕೆ ಸ್ಪೀಕರ್ ವೈರ್ ನೇರ ಹಾಕೋ ಇನ್‌ಪುಟ್ ಬೇಕು. ಮತ್ತೆ ಕ್ರಾಸೋವರ್ ತಿರುಗಿಸೋ ನಾಬ್ ಬೇಕು, ನನ್ನ ಸ್ಪೀಕರ್ ಸೋಲೋ ಕಡೆ ಇದು ಕೈ ಹಿಡೀಬೇಕು.

ಕೋಣೆಯ ಪಾಲೂ ಇದೆ. 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ನಲ್ಲಿ ತಾನೇ ಮೊಳಗುತ್ತೆ. ನನ್ನ ಗುಂಯ್‌ನ ಅರ್ಧ ಪಾಲು ಗೋಡೆಗಳದ್ದು. ಇದಕ್ಕೊಂದು ಬಿಟ್ಟಿ ಉಪಾಯ: ಸಬ್‌ವೂಫರನ್ನ ನೀವು ಕೂರೋ ಜಾಗದಲ್ಲಿಟ್ಟು ಹಾಡು ಹಾಕಿ, ಗೋಡೆ ಪಕ್ಕ ಅಂಬೆಗಾಲಿಡ್ತಾ ಹೋಗಿ. ಸ್ವರಗಳು ಬಿಡಿಬಿಡಿಯಾಗಿ ಕೇಳೋ ಜಾಗದಲ್ಲಿ ಅದನ್ನ ಇಡಿ. ನಾನು ಅಂಬೆಗಾಲಿಡೋದನ್ನ ನೋಡಿ ಅಮ್ಮ ಏನೂ ಹೇಳಲಿಲ್ಲ, ಬಾಗಿಲು ಹಾಕ್ಕೊಂಡು ಹೋದ್ರು.

ಈಗ ಡಗ್ಗಾ ಡಗ್ಗಾ ಥರಾನೇ ಕೇಳ್ಸುತ್ತೆ. ವಾಲ್ಯೂಮ್ ಕಾಲು ಭಾಗ ದಾಟಿಲ್ಲ. ಆಂಟಿ ಮತ್ತೆ ಮೇಲೆ ಬಂದಿಲ್ಲ.

ನೀವು ಅಂಗಡಿಗೆ ಹೋದಾಗ ಯಾರಾದ್ರೂ ಚಿಕ್ಕದು, ಆಳದ್ದು, ಜೋರಿನದು, ಜೊತೆಗೆ ಅಗ್ಗದ್ದು ಅಂದ್ರೆ ಹಾಫ್‌ಮನ್‌ನ ನೆನೆಸ್ಕೊಳ್ಳಿ. ಮುಂದಿನ ವಾರ ಸಿಗೋಣ.