ಶಾಸನಗಳಲ್ಲಿ ‘ಮಲೆ’: ಮಲೆಪರೊಳ್ಗಂಡನ ಜಾಡು ಹಿಡಿದು
‘ಮಲೆ’ ಅಂದ ಕೂಡಲೆ ಈಗ ನಮ್ಮ ಕಣ್ಣಿಗೆ ಬರುವುದು ಮಂಜು, ಅಡಿಕೆ ತೋಟ, ಜಡಿಮಳೆ. ಶಾಸನದಲ್ಲಿ ಈ ಪದ ಸಿಕ್ಕಾಗಲೂ ಇದೇ ಚಿತ್ರವನ್ನು ಅಲ್ಲಿಗೆ ಹೊತ್ತೊಯ್ಯುತ್ತೇವೆ. ಆದರೆ ಹೊಯ್ಸಳರ ಶಾಸನಗಳನ್ನು ಓದುತ್ತ ಹೋದಂತೆ ನನಗೆ ಅನ್ನಿಸುವುದು ಬೇರೆ: ಅಲ್ಲಿ ಮಲೆ ನೋಟದ ಮಾತಲ್ಲ, ಅಧಿಕಾರದ ಮಾತು.

ಹೊಯ್ಸಳರ ಬಿರುದಾವಳಿಯನ್ನೇ ನೋಡಿ. ಮಲೆರಾಜರಾಜ, ಮಲೆಪರೊಳ್ಗಂಡ, ಗಿರಿದುರ್ಗಮಲ್ಲ... ಒಂದೇ ಉಸಿರಿನಲ್ಲಿ ಮೂರು ಸಲ ಬೆಟ್ಟ ಬರುತ್ತದೆ. ಮಲೆಪರು ಅಂದರೆ ಬೆಟ್ಟಸೀಮೆಯ ಪಾಳೆಯಗಾರರು. ಅವರಲ್ಲಿ ಗಂಡನಾದವನು ಹೊಯ್ಸಳ ದೊರೆ. (ಈ ‘ಗಂಡ’ ಮನೆಯ ಯಜಮಾನನಲ್ಲ, ವೀರ.)

ಇಲ್ಲೊಂದು ತೊಡಕಿದೆ. ಹಳಗನ್ನಡದಲ್ಲಿ ‘ಮಲೆ’ ಕ್ರಿಯಾಪದವೂ ಹೌದು: ಎದುರಿಸು, ಸೊಕ್ಕಿ ನಿಲ್ಲು ಎಂದರ್ಥ. ‘ಮಲೆತು ನಿಂತ’ ಅಂತ ಬರೆಯುವವರು ಈಗಲೂ ಇದ್ದಾರೆ. ಹಾಗಾದರೆ ಮಲೆಪ ಬೆಟ್ಟದವನೋ, ಮಲೆತು ನಿಂತವನೋ? ನನ್ನ ಓಟು ಬೆಟ್ಟಕ್ಕೆ. ನಡೆ ನಡೆವ ಆಗುತ್ತದೆ, ಕರೆ ಕರೆವ ಆಗುತ್ತದೆ. ಅದೇ ದಾರಿಯಲ್ಲಿ ಕ್ರಿಯಾಪದದಿಂದ ಬರಬೇಕಾದ್ದು ‘ಮಲೆವ’, ‘ಮಲೆಪ’ ಅಲ್ಲ. ಆದರೂ ಕೇಳುವವರ ಕಿವಿಯಲ್ಲಿ ಎರಡೂ ಅರ್ಥ ಗುಂಯ್‌ಗುಟ್ಟಿರದೆ ಇರಲಿಕ್ಕಿಲ್ಲ. ಬೆಟ್ಟದವರು ತಗ್ಗದ ಜನ ಅನ್ನುವ ಹೆಸರು ಬಯಲಿನ ರಾಜ್ಯಗಳಿಗೆ ಹೊಸದೇನಲ್ಲವಲ್ಲ.

ತಮಾಷೆಯೆಂದರೆ ಹೊಯ್ಸಳರೇ ಮಲೆಯವರು. ಅವರ ಮೂಲನೆಲೆ ಸೊಸೆವೂರು, ಈಗಿನ ಮೂಡಿಗೆರೆ ತಾಲೂಕಿನ ಅಂಗಡಿ. ಅಲ್ಲಿಂದ ಬೇಲೂರಿಗೆ, ದೋರಸಮುದ್ರಕ್ಕೆ ಇಳಿದುಬಂದರು. ಬಿರುದನ್ನು ಮಾತ್ರ ಬಿಡಲಿಲ್ಲ. ರಾಜ್ಯ ತಮಿಳು ನೆಲದವರೆಗೆ ಹಬ್ಬಿದ ಮೇಲೂ ದಾನಶಾಸನಗಳ ಕೊನೆಗೆ ದೊರೆಯ ಒಪ್ಪವಾಗಿ ಬರುವುದು ‘ಶ್ರೀ ಮಲಪರೊಳ್ಗಂಡ’. ಮೇಲಿನದೆಲ್ಲ ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿ ಇದ್ದರೂ ಈ ಸಹಿ ಕನ್ನಡ ಅಕ್ಷರದಲ್ಲಿ! ಮೊದಲ ಸಲ ಅದರ ಛಾಯಾಚಿತ್ರ ನೋಡಿದಾಗ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಆದರೆ ಈ ಹೆಮ್ಮೆಗೆ ಇನ್ನೊಂದು ಮಗ್ಗುಲಿದೆ. ಬೇಲೂರಿನಲ್ಲಿ ವಿಷ್ಣುವರ್ಧನ ದೇವರನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಅದೇ ವರ್ಷದ್ದು ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಶಾಸನ. ಅದರಲ್ಲಿ ಅವನ ದಂಡನಾಯಕ ಪುಣಿಸನ ಪ್ರತಾಪದ ವರ್ಣನೆ ಇದೆ: ತೊದವರನ್ನು ಹೆದರಿಸಿದ, ಕೊಂಗರನ್ನು ಅಡಗುವಂತೆ ಮಾಡಿದ, ಮಲೆಯಾಳರನ್ನು ಕೊಂದ, ನೀಲಗಿರಿಯನ್ನು ಹೊಕ್ಕು ಅದರ ಶಿಖರವನ್ನು ವಿಜಯಲಕ್ಷ್ಮಿಗೆ ಒಪ್ಪಿಸಿದ. ಈ ತೊದವರೇ ನೀಲಗಿರಿಯ ತೋಡರು. ಬರವಣಿಗೆಯಲ್ಲಿ ಅವರ ಹೆಸರು ಕಾಣುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೊಂದು, ಮತ್ತು ಅಲ್ಲಿ ಅವರಿಗಿರುವ ಕೆಲಸ ಹೆದರುವುದು ಒಂದೇ. ಎಮ್ಮೆ ಸಾಕುವ ಜನ, ಅವರ ಹಾಡು, ಅವರ ಮಂದು, ಯಾವುದೂ ಇಲ್ಲ. ಒಂದು ಬೆಟ್ಟದಿಂದ ಇಳಿದವರು ಇನ್ನೊಂದು ಬೆಟ್ಟ ಹತ್ತಿದಾಗ ಕಲ್ಲಿನ ಮೇಲೆ ಉಳಿದದ್ದು ಹತ್ತಿದವರ ಮಾತು. ಪ್ರಶಸ್ತಿ ಓದುವಾಗ ನಾವು ಇದನ್ನು ಸುಲಭವಾಗಿ ದಾಟಿಬಿಡುತ್ತೇವೆ.

ಹಾಗಂತ ಮಲೆಯ ಮಾತು ಕಲ್ಲಿನಲ್ಲಷ್ಟೇ ಉಳಿದಿಲ್ಲ. ಅದೇ ಚಾಮರಾಜನಗರ ಜಿಲ್ಲೆಯಲ್ಲೇ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳಿವೆ. ಕಂಸಾಳೆಯವರು, ದೇವರಗುಡ್ಡರು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಬೆಟ್ಟದವರು ಬರಿಯ ಸೋತ ಕುಲದ ಹೆಸರಾಗಿ ಬರುವುದಿಲ್ಲ. ಜೇನು ಕೀಳಲು ಕಾಡಿಗೆ ಹೋಗುವ ಸೋಲಿಗರ ನೀಲೇಗೌಡನಿದ್ದಾನೆ, ಅವನ ಸಂಶಯಕ್ಕೆ ಸಿಕ್ಕಿ ನರಳುವ ಹೆಂಡತಿ ಸಂಕಮ್ಮ ಇದ್ದಾಳೆ. ಅವಳ ಕತೆಗೆ ಒಂದು ಇಡೀ ಸಾಲೇ ಮೀಸಲು.